ಕರಿಗಲ್ಲ ನೆಲ, ಕರಿಗಲ್ಲ ಗೋಡೆ

ಬೀದರ್ ಜಿಲ್ಲೆಯ ಹಲಬರ್ಗಾದ ಒಂದು ಮನೆಯ ಕಟ್ಟೆಯ ಮೇಲೆ ಮಲಗಿದ್ದೀರಿ. ತಾರೀಖು 1993ರ ಸೆಪ್ಟೆಂಬರ್ 30, ಗುರುವಾರ. ಬೆಳಗಾಗಿಲ್ಲವಾದ್ದರಿಂದ ನಿಮ್ಮ ಲೆಕ್ಕದಲ್ಲಿ ಇನ್ನೂ ಬುಧವಾರ ರಾತ್ರಿಯೇ, ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ ಬಂದಿದ್ದೀರಿ. ಹಲಗೆ ಬಡಿದ ಹುಡುಗರು ಬಿದ್ದಲ್ಲೇ ನಿದ್ದೆ ಹೋಗಿದ್ದಾರೆ. ನಿಮ್ಮ ಕಿವಿಯ ಸಂದಿನಲ್ಲಿ ಗುಲಾಲು ಹಾಗೇ ಉಳಿದಿದೆ. ಒಳಗೆ ಧಗೆ ಎಂದು ಕೌದಿ ಎತ್ತಿಕೊಂಡು ನೀವು ಹೊರಗೆ ಬಂದಿರಿ. ಮಣ್ಣಿನ ಮಾಳಿಗೆಯ ಕೆಳಗೆ ಅವ್ವ ಇದ್ದಾಳೆ, ಮಕ್ಕಳಿದ್ದಾರೆ.

ಮೂರು ಗಂಟೆ ಐವತ್ತಾರು ನಿಮಿಷ.

ಏನೂ ಆಗುವುದಿಲ್ಲ. ಆದರೆ ಇಲ್ಲಿಂದ ಪಡುವಣಕ್ಕೆ ಸುಮಾರು 75 ಕಿ.ಮೀ. ದೂರದಲ್ಲಿ, ನೆಲದ ಕೆಲವೇ ಕಿ.ಮೀ. ಆಳದಲ್ಲಿ, ಬಂಡೆಯೊಂದು ಪಕ್ಕದ ಬಂಡೆಯ ಮೇಲೆ ಜರುಗಿದೆ. ಎಣಿಸಿ. ಒಂದು, ಎರಡು, ಮೂರು. ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಮಾಳಿಗೆಗಳು ಕುಸಿಯುತ್ತಿವೆ. ಆರು, ಏಳು. ಸಾಸ್ತೂರಿನಲ್ಲಿ ಗೋಡೆಗಳು ಬೀದಿಗೆ ಬೀಳುತ್ತಿವೆ. ನಿಮ್ಮ ಕೊಟ್ಟಿಗೆಯಲ್ಲಿ ಎತ್ತು ಮೆಲುಕು ಹಾಕುವುದು ಕೇಳಿಸುತ್ತದೆ. ಹತ್ತು, ಹನ್ನೊಂದು, ಹನ್ನೆರಡು.

ಈಗ ಸದ್ದು. ನೀವು ರೈಲು ಹಳಿಯ ಊರಿನವರು. ವಿಕಾರಾಬಾದಿನಿಂದ ಪರಳಿಗೆ ಹೋಗುವ ಹಳಿ ಹಲಬರ್ಗಾ ಸ್ಟೇಷನ್ ಮುಟ್ಟಿಯೇ ಹೋಗುತ್ತದೆ. ಗೂಡ್ಸ್ ಗಾಡಿ ಬಂತು ಎಂದುಕೊಂಡು ಮಗ್ಗುಲು ಬದಲಿಸುತ್ತೀರಿ. ಆದರೆ ಈ ಗಾಡಿ ಹಳಿಯ ಕಡೆಯಿಂದ ಬರುತ್ತಿಲ್ಲ, ಬೆನ್ನ ಕೆಳಗಿನಿಂದ ಬರುತ್ತಿದೆ. ಕಟ್ಟೆಯ ಪರಸಿ ಕಲ್ಲು ಗುಂಯ್ ಎನ್ನುತ್ತದೆ. ಇನ್ನೊಂದು ಎಂಟು ಒಂಬತ್ತು ಸೆಕೆಂಡು ಕಳೆದ ಮೇಲೆ ಎರಡನೆಯ ಅಲೆ. ಇದು ಅಡ್ಡಡ್ಡ ಜಗ್ಗುವ ಅಲೆ. ಜರಡಿ ಹಿಡಿದು ಹಿಟ್ಟು ಸಾಣಿಸಿದ ಹಾಗೆ ನೆಲ ಅತ್ತಿತ್ತ ಹೋಗುತ್ತದೆ. ಒಳಗೆ ಅಡಕಲ ಗಡಿಗೆಗಳು ಒಂದಕ್ಕೊಂದು ಬಡಿಯುತ್ತವೆ, ಹಿತ್ತಾಳೆ ಕೊಡ ಉರುಳುತ್ತದೆ, ಮಾಳಿಗೆಯ ಹಲಗೆ ಸಂದಿನಿಂದ ಒಣ ಮಣ್ಣು ಸುರಿಯುತ್ತದೆ. ಓಣಿಯಲ್ಲಿ ಯಾರೋ ಕೂಗುತ್ತಾರೆ: "ಭುಂಯಿ ನಡಗ್ಲತದ! ಹೊರಗ ಬರ್ರಿ, ಹೊರಗ ಬರ್ರಿ!" ಪಕ್ಕದ ಓಣಿಯಿಂದ ಇನ್ನೊಂದು ಕೂಗು, ಉರ್ದುವಿನಲ್ಲಿ: "ಜಲ್ಜಲಾ! ಜಲ್ಜಲಾ!"

ಅವ್ವನನ್ನು, ಮಕ್ಕಳನ್ನು ರಟ್ಟೆ ಹಿಡಿದು ಎಳೆದುಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ನಿಂತಿದೆ. ಮನೆಯೂ ನಿಂತಿದೆ. ಗೋಡೆಯ ಮೂಲೆಯಲ್ಲಿ ಕೈಬೆರಳು ತೂರುವಷ್ಟು ಬಿರುಕು, ಅಷ್ಟೆ. ಯಾರೂ ಒಳಗೆ ಹೋಗುವುದಿಲ್ಲ. ಬೆಳಗಾಗುವವರೆಗೆ ಊರಿಗೆ ಊರೇ ಬಯಲಿನಲ್ಲಿ ಕೂತು ಮಾತನಾಡುತ್ತದೆ. ರೇಡಿಯೋ ಬಾಯಿಬಿಟ್ಟ ಮೇಲೆ ಗೊತ್ತಾಗುತ್ತದೆ, ನೀವು ಹಿಡಿದದ್ದು ಭೂಕಂಪದ ಸೆರಗಿನ ತುದಿ ಮಾತ್ರ ಎಂದು. ಆ ನಡುಕ ಹೈದರಾಬಾದ್, ಮುಂಬೈಗಳಿಗೂ ಮುಟ್ಟಿತ್ತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 52 ಹಳ್ಳಿಗಳು ನೆಲಸಮವಾಗಿದ್ದವು. ಸತ್ತವರು ಸರ್ಕಾರಿ ಲೆಕ್ಕದಲ್ಲಿ 7,928. ಬೇರೆ ಲೆಕ್ಕಗಳು ಹತ್ತು ಸಾವಿರದ ಹತ್ತಿರ ಹೋಗುತ್ತವೆ. ಕಂಪನದ ಪ್ರಮಾಣ 6.2.

ಈ 6.2 ಎಂಬ ಅಂಕಿಯನ್ನು ಸ್ವಲ್ಪ ಕೈಯಲ್ಲಿ ಹಿಡಿದಿರಿ, ಆಮೇಲೆ ಬೇಕಾಗುತ್ತದೆ.

ಈಗ ಹಗಲು. ಇಸವಿ ನಿಮಗೆ ಬೇಕಾದದ್ದು ಇಟ್ಟುಕೊಳ್ಳಿ, ಏಕೆಂದರೆ ನಾವು ನೋಡಹೊರಟಿದ್ದು ಬದಲಾಗಿಲ್ಲ. ಊರ ಹೊರಗೆ ತೊಗರಿ ಹೊಲದ ಬದುವಿನಲ್ಲಿ ನಡೆದು, ಈ ಸೀಮೆಯ ಯಾವುದಾದರೊಂದು ಹಳೆಯ ತೋಡುಬಾವಿಯ ದಂಡೆಗೆ ಬನ್ನಿ. ಬೇಸಿಗೆಯಾದರೆ ಒಳ್ಳೆಯದು, ನೀರು ಕೆಳಗಿರುತ್ತದೆ, ಬಾವಿಯ ಗೋಡೆ ಕಾಣುತ್ತದೆ. ಹುಷಾರಾಗಿ ಬಗ್ಗಿ.

ಮೇಲೆ ಎರೆ ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ, ಮಳೆಯಲ್ಲಿ ಮೆಟ್ಟು ಕಿತ್ತುಕೊಳ್ಳುವ ಅದೇ ಕರಿ ಮಣ್ಣು. ಅದರ ಕೆಳಗೆ ಮುರುಮು, ಅಂದರೆ ಕಲ್ಲೂ ಅಲ್ಲದ ಮಣ್ಣೂ ಅಲ್ಲದ ಸ್ಥಿತಿ. ಅದರೊಳಗೆ ಈರುಳ್ಳಿಯಂತೆ ಪದರ ಪದರ ಸುಲಿದ ಗುಂಡುಗಲ್ಲುಗಳು ಹುದುಗಿವೆ. ಇನ್ನೂ ಕೆಳಗೆ ಗಟ್ಟಿ ಕರಿಗಲ್ಲು. ಕೆಲವು ಕಡೆ ಅದರ ಮೈ ತುಂಬ ರಂಧ್ರ, ರಂಧ್ರದೊಳಗೆ ಬಿಳಿಯ ಹರಳು. ದೋಸೆ ಹಂಚಿನ ಮೇಲೆ ಏಳುವ ಗುಳ್ಳೆ ನೆನಪಿಸಿಕೊಳ್ಳಿ. ಅಂಥವೇ ಗುಳ್ಳೆ ಇವು, ಕರಗಿದ ಕಲ್ಲು ಆರುವಾಗ ಒಳಗಿನ ಅನಿಲ ಹೊರಬಿದ್ದ ಗುರುತು. ಕೆಲವು ಬಾವಿಗಳಲ್ಲಿ ಎರಡು ಕರಿಪದರಗಳ ನಡುವೆ ಇಟ್ಟಿಗೆ ಬಣ್ಣದ ಒಂದು ಪಟ್ಟೆ ಕಾಣುತ್ತದೆ. ಒಂದು ಪ್ರವಾಹ ಬಂದು ಆರಿ, ಬಿಸಿಲು ಮಳೆ ತಿಂದು ಅದರ ಮೇಲ್ಮೈ ಮಣ್ಣಾಗತೊಡಗಿದ ಮೇಲೆ ಮತ್ತೊಂದು ಪ್ರವಾಹ ಬಂದು ಅದನ್ನು ಸುಟ್ಟು ಮುಚ್ಚಿದೆ. ಆ ಕೆಂಪು ಪಟ್ಟೆಯ ದಪ್ಪವೇ ನಡುವಿನ ಬಿಡುವು.

ಹೌದು, ನೀವು ನಿಂತಿರುವುದು ಜ್ವಾಲಾಮುಖಿಯ ಮೇಲೆ. ಶಾಲೆಯ ಪುಸ್ತಕದಲ್ಲಿ ಬರೆದ ಚೂಪು ಬೆಟ್ಟ, ತುದಿಯಲ್ಲಿ ಹೊಗೆ, ಆ ತರಹದ್ದಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಇಲ್ಲಿ ಬೆಟ್ಟ ಸಿಡಿಯಲಿಲ್ಲ, ನೆಲ ಉದ್ದುದ್ದ ಬಿರಿಯಿತು. ಆ ಬಿರುಕುಗಳಿಂದ ಲಾವಾ ಉಕ್ಕಿ, ತಗ್ಗು ಸಿಕ್ಕಲ್ಲಿ ಹರಿದು, ಆರಿ, ಮತ್ತೆ ಉಕ್ಕಿ, ಪದರದ ಮೇಲೆ ಪದರವಾಗಿ ಕೂತಿತು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿ.ಮೀ. ಸಹ್ಯಾದ್ರಿಯ ಕಡೆ ಇದರ ದಪ್ಪ ಎರಡು ಕಿ.ಮೀ. ಮೀರುತ್ತದೆ, ಮೂಡಣಕ್ಕೆ ಬರುತ್ತ ಬರುತ್ತ ತೆಳುವಾಗುತ್ತದೆ. ನಾವಿರುವುದು ಆ ಹಾಸಿಗೆಯ ಅಂಚಿನ ಕಡೆ. ಬೀದರ್ ಕೋಟೆಯ ಕೆಂಪು ಕಲ್ಲು ಸಹ ಇದೇ ಕರಿಗಲ್ಲಿನ ಮಗು. ಲಕ್ಷಾಂತರ ವರ್ಷ ಮಳೆಯಲ್ಲಿ ತೊಳೆದು ಸತ್ವ ಕಳೆದುಕೊಂಡು, ಬರೀ ಕಬ್ಬಿಣದ ತುಕ್ಕು ಉಳಿದು ಜಂಬಿಟ್ಟಿಗೆಯಾಯಿತು. ನೌಬಾದಿನ ಕರೇಜ್, ಅಂದರೆ ನಮ್ಮ ಸುರಂಗ ಬಾವಿ, ನೀರು ಹಿಡಿದದ್ದು ಈ ಕೆಂಪು ಕಲ್ಲು ಮತ್ತು ಅದರಡಿಯ ಕರಿಗಲ್ಲು ಕೂಡುವ ಜಾಗದಲ್ಲೇ. ಬಹಮನಿಗಳ ಕಾಲದವರಿಗೆ ಭೂವಿಜ್ಞಾನದ ಪದವಿ ಇರಲಿಲ್ಲ, ಕಣ್ಣಿತ್ತು.

ನೆಲ ಸದ್ದು ಮಾಡಿದಾಗಲೆಲ್ಲ ಕಟ್ಟೆಯ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಇದು ಮತ್ತೆ ಎದ್ದೀತೇ? ಏಳುವುದಿಲ್ಲ. ಅಂದು ಒಲೆ ಇದ್ದದ್ದು ಈ ನೆಲದಲ್ಲಲ್ಲ, ನೆಲದಡಿಯ ಆಳದಲ್ಲಿ. ಒಲೆ ಅಲ್ಲೇ ಉಳಿಯಿತು, ಮೇಲಿನ ಹಂಚು ಸರಿದುಹೋಯಿತು. ಭಾರತವನ್ನು ಹೊತ್ತ ಶಿಲಾಫಲಕ ಬಡಗಣಕ್ಕೆ ಸಾವಿರಾರು ಕಿ.ಮೀ. ತೇಲಿ ಬಂದಿದೆ. ಆ ಒಲೆ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎಂದು ಬಹುತೇಕ ವಿಜ್ಞಾನಿಗಳ ಎಣಿಕೆ. ಅಲ್ಲಿಯ ಪಿಟೋನ್ ಡೆ ಲಾ ಫೂರ್ನೇಸ್ ಈಗಲೂ ಲಾವಾ ಉಗುಳುತ್ತದೆ. ನಮ್ಮ ದೇಶದಲ್ಲಿ ಕೆಂಡ ಉಳಿದಿರುವುದು ಅಂಡಮಾನಿನ ಬ್ಯಾರೆನ್ ದ್ವೀಪದಲ್ಲಿ ಮಾತ್ರ. ಒಂದೂವರೆ ಶತಮಾನ ಮಲಗಿದ್ದ ಅದು 1991ರಲ್ಲಿ ಎದ್ದಿತು. ಹಲಬರ್ಗಾಕ್ಕೆ ಬೆಂಕಿಯ ಭಯ ಬೇಡ.

ಆದರೆ ತೇಲುವುದು ನಿಂತಿಲ್ಲ. ಅಂಜಿಕೆ ಇರುವುದು ಅಲ್ಲಿ. ಇಡೀ ಭಾರತ ಈಗಲೂ ವರ್ಷಕ್ಕೆ ಮೂರು ಬೆರಳಗಲದಷ್ಟು, ಐದು ಸೆಂಟಿಮೀಟರಿನ ಆಸುಪಾಸು, ಬಡಗಣಕ್ಕೆ ಸರಿದು ಏಷ್ಯಾವನ್ನು ನೂಕುತ್ತದೆ. ಹಿಮಾಲಯದಲ್ಲಿ ಆ ನೂಕಾಟ ಕಣ್ಣಿಗೆ ಕಾಣುತ್ತದೆ. ಆದರೆ ಬಂಡಿಯ ಮೂಕಿ ಗೋಡೆಗೆ ತಾಗಿದರೆ ಬಂಡಿಯ ಹಿಂದಿನ ಹಲಗೆಯೂ ಕಿರ್ ಎನ್ನುತ್ತದಲ್ಲ. ದಖ್ಖನ್ನಿನ ನಡುಭಾಗ ಅಂಥ ಹಲಗೆ. ಇಲ್ಲಿಯ ಹಳೆಯ ಬಂಡೆಗಳಲ್ಲಿ ಕೋಟಿ ಕೋಟಿ ವರ್ಷದ ಮುರಿದ ಗೆರೆಗಳಿವೆ. ಒತ್ತಡ ಅಲ್ಲಿ ಸಾವಿರಾರು ವರ್ಷ ಮಾತಿಲ್ಲದೆ ಕೂಡಿಕೊಳ್ಳುತ್ತದೆ, ಒಂದು ರಾತ್ರಿ ಜರುಗುತ್ತದೆ.

ಕಿಲ್ಲಾರಿಯಡಿಯ ಆ ಗೆರೆ ಯಾಕೆ ಮೊದಲೇ ಯಾರ ಕಣ್ಣಿಗೂ ಬೀಳಲಿಲ್ಲ? ಬಾವಿಯ ದಂಡೆಯಿಂದ ಮತ್ತೊಮ್ಮೆ ಬಗ್ಗಿ ನೋಡಿ. ಉತ್ತರ ನಿಮ್ಮ ಮುಂದೆಯೇ ಇದೆ: ಕರಿಗಲ್ಲು ಮುಚ್ಚಿತ್ತು. ಭೂಕಂಪವಾದ ಮೇಲೆ ಕಿಲ್ಲಾರಿಯಲ್ಲಿ ವಿಜ್ಞಾನಿಗಳು 617 ಮೀಟರ್ ಆಳದ ಕೊಳವೆ ಕೊರೆದರು. ಮೊದಲ 338 ಮೀಟರ್ ಬರೀ ಲಾವಾ ಕಲ್ಲು. ಅದರ ಕೆಳಗೆ ಕೇವಲ 8 ಮೀಟರ್ ಹಳೆಯ ಹೂಳು, ಅಂದರೆ ಲಾವಾ ಬರುವ ಮುಂಚಿನ ನೆಲದ ಮೇಲ್ಮೈ. ಆಮೇಲೆ ಮೂಲ ಬಂಡೆ. ಭೂಕಂಪದ ಗೆರೆ ಇದ್ದದ್ದು ಆ ಮೂಲ ಬಂಡೆಯಲ್ಲಿ. ಅಷ್ಟು ದಪ್ಪದ ಕೌದಿ ಹೊದ್ದು ಮಲಗಿದವನ ಮೈಮೇಲಿನ ಗಾಯ ಯಾರಿಗೆ ಕಂಡೀತು? ದೇಶದ ಭೂಕಂಪ ನಕ್ಷೆಯಲ್ಲಿ ಈ ಭಾಗ ಆಗ ಒಂದನೆಯ ವಲಯ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಆ ರಾತ್ರಿಯ ನಂತರ ನಕ್ಷೆಯನ್ನೇ ತಿದ್ದಬೇಕಾಯಿತು. 2002ರಲ್ಲಿ ಒಂದನೆಯ ವಲಯವನ್ನು ಪೂರ್ತಿ ತೆಗೆದುಹಾಕಿದರು, ಲಾತೂರು ಭಾಗ ಮೂರಕ್ಕೆ ಏರಿತು. ದೇಶದಲ್ಲಿ ಭೂಕಂಪದ ಅಪಾಯ ಇಲ್ಲವೆನ್ನುವಂಥ ಜಾಗವೇ ಇಲ್ಲ ಎಂದು ನಕ್ಷೆ ಒಪ್ಪಿಕೊಂಡಂತಾಯಿತು.

ಮುನ್ಸೂಚನೆ ಇರಲಿಲ್ಲವೇ ಎಂದರೆ, ಇತ್ತು ಎನ್ನಬೇಕೋ ಇರಲಿಲ್ಲ ಎನ್ನಬೇಕೋ ತಿಳಿಯದು. ಒಂದು ವರ್ಷ ಮೊದಲು, 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಿಲ್ಲಾರಿಯ ನೆಲ ಮತ್ತೆ ಮತ್ತೆ ನಡುಗಿತ್ತು. ಅಕ್ಟೋಬರ್ 18ರಂದು ಜೋರಾಗಿಯೇ ನಡುಗಿತ್ತು. ಜನ ಅಂಜಿ ಹೊರಗೆ ಮಲಗಿದರು. ಆಮೇಲೆ ನಡುಕ ನಿಂತಿತು, ಜನ ಒಳಗೆ ಹೋದರು. ಯಾರಾದರೂ ಹಾಗೇ ಮಾಡುತ್ತಾರೆ. ಸಣ್ಣ ನಡುಕಗಳಾದ ನೂರು ಊರುಗಳಲ್ಲಿ ತೊಂಬತ್ತೊಂಬತ್ತರಲ್ಲಿ ದೊಡ್ಡದು ಬರುವುದೇ ಇಲ್ಲ. ನೂರನೆಯದು ಯಾವುದೆಂದು ಹೇಳುವ ಯಂತ್ರ ಜಗತ್ತಿನಲ್ಲಿ ಇನ್ನೂ ಇಲ್ಲ. ಆದ್ದರಿಂದ 'ಇಂದು ರಾತ್ರಿ ಇಷ್ಟು ಗಂಟೆಗೆ ಭೂಕಂಪ' ಎಂದು ವಾಟ್ಸಾಪಿನಲ್ಲಿ ಬಂದರೆ ಅಳಿಸಿಹಾಕಿ ಮಲಗಿ. ಆದರೆ ಎಂಥ ಮನೆಯೊಳಗೆ ಮಲಗುತ್ತಿದ್ದೀರಿ ಎಂದು ಒಮ್ಮೆ ನೋಡಿ ಮಲಗಿ.

ಅದನ್ನು ನೋಡಲಿಕ್ಕೆ ಕಿಲ್ಲಾರಿಗೇ ಹೋಗಬೇಕು. ಭಾಲ್ಕಿ ದಾಟಿ, ನಿಲಂಗಾ ಹಾದಿ ಹಿಡಿಯಿರಿ. ರಾಜ್ಯದ ಗಡಿ ಬಂತೆಂದು ಅಂಗಡಿಯ ಬೋರ್ಡು ಓದಿದರಷ್ಟೇ ತಿಳಿಯುತ್ತದೆ, ಮಣ್ಣು ಅದೇ, ತೊಗರಿ ಅದೇ. ನಿಲಂಗಾ, ಉದಗೀರ್ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದ ತಾಲೂಕುಗಳು. ಗಡಿ ಬಿದ್ದದ್ದು ಭೂಪಟದಲ್ಲಿ, ಬೀಗತನದಲ್ಲಿ ಅಲ್ಲ. ಹೀಗಾಗಿ 1993ರ ಆ ಮುಂಜಾನೆ ಈ ಕಡೆಯವರಿಗೆ ಅದು ಪರರಾಜ್ಯದ ಸುದ್ದಿಯಾಗಿರಲಿಲ್ಲ, ಬೀಗರ ಊರಿನ ಸುದ್ದಿಯಾಗಿತ್ತು.

ಹಳೆಯ ಕಿಲ್ಲಾರಿ ಇದ್ದ ಜಾಗದಲ್ಲಿ ಈಗ ಸ್ಮಾರಕವಿದೆ. ಹೊಸ ಕಿಲ್ಲಾರಿಯನ್ನು ಬೇರೆಡೆ, ಪಟ್ಟಿ ಹಿಡಿದು ಗೆರೆ ಎಳೆದ ಹಾಗೆ ನೇರ ರಸ್ತೆಗಳಲ್ಲಿ ಕಟ್ಟಿದ್ದಾರೆ. ಹಳೆಯ ಹಳ್ಳಿಯವರಿಗೆ ಆ ನೇರ ಬೀದಿ ಒಗ್ಗಲು ಬಹಳ ದಿನ ಬೇಕಾಯಿತು. ಬೆನ್ನಿಗೆ ಬೆನ್ನು ಕೊಟ್ಟ ಮನೆಗಳ ಓಣಿಯಲ್ಲಿ ಬೆಳೆದವರಿಗೆ ಸುತ್ತ ಬಯಲಿರುವ ಮನೆ ಒಂದು ತರಹದ ಅನಾಥ ಮನೆ. ಅನಾಥ ಎಂದಾಗ ನೆನಪಾಯಿತು: ಸುಮಾರು 1,200 ಮಕ್ಕಳನ್ನು ಭಾರತೀಯ ಜೈನ ಸಂಘಟನೆಯ ಶಾಂತಿಲಾಲ್ ಮುಥ್ಥಾ ಪುಣೆಗೆ ಕರೆದೊಯ್ದು ಓದಿಸಿದರು. ಅಂದು ನಾಲ್ಕನೆಯ ಇಯತ್ತೆಯಲ್ಲಿದ್ದ ಮಗು ಇಂದು ನಲವತ್ತು ದಾಟಿರುತ್ತದೆ.

ಊರ ಹೊರಗಿನ ಹೊಲದಲ್ಲಿ ನೆಲ ಒಡೆದು ಉಬ್ಬಿದ ಗೆರೆ ಸುಮಾರು ಒಂದು ಕಿ.ಮೀ. ಉದ್ದಕ್ಕೆ ಕಾಣಿಸಿತ್ತು. ಭೂಮಿ ಮಾಡಿದ ಗಾಯ ನೆಲದ ಮೇಲೆ ಅಷ್ಟೇ. ನೆಲ ಬಾಯಿಬಿಟ್ಟು ಊರು ನುಂಗಲಿಲ್ಲ. ಹಾಗಾದರೆ ಇಷ್ಟು ಜನರನ್ನು ಕೊಂದದ್ದು ಯಾವುದು?

ಗೋಡೆ. ಬಾವಿಯಿಂದ ತೆಗೆದ ಅದೇ ಕರಿಗಲ್ಲು.

ಈ ಸೀಮೆಯ ಹಳೆಯ ಮನೆಯೊಂದರ ಗೋಡೆಯ ಪಕ್ಕ ನಿಲ್ಲಿ. ಹಲಬರ್ಗಾದಲ್ಲಾದರೂ ಸರಿ, ಔರಾದಿನ ಹಳ್ಳಿಯಲ್ಲಾದರೂ ಸರಿ. ಬಾಗಿಲ ಚೌಕಟ್ಟಿನಲ್ಲಿ ಕೈ ಅಡ್ಡ ಇಟ್ಟರೆ ಗೋಡೆಯ ದಪ್ಪ ತಿಳಿಯುತ್ತದೆ, ಎರಡು ಅಡಿಗೆ ಕಡಿಮೆಯಿಲ್ಲ, ಕೆಲವು ಕಡೆ ಮೂರು ಅಡಿ ಮೀರುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು. ನೋಡಿದರೆ ಕೋಟೆ. ಆದರೆ ಅದು ಒಂದು ಗೋಡೆಯಲ್ಲ, ಎರಡು. ಹೊರಗೊಂದು ಮುಖ, ಒಳಗೊಂದು ಮುಖ, ನಡುವಿನ ಹೊಟ್ಟೆಗೆ ಚೂರುಗಲ್ಲು, ಮಣ್ಣು. ಕಲ್ಲು ಗುಂಡಗಿದ್ದರೆ ಒಂದರ ಮೇಲೊಂದು ಕೂರುವುದಿಲ್ಲ, ಮಣ್ಣಿನ ಮೇಲೆ ಕೂರುತ್ತದೆ. ಮಳೆಗಾಲದಲ್ಲಿ ನೀರು ಇಳಿದು ಮಣ್ಣು ಸಡಿಲಾದರೆ ಹೊರ ಮುಖ ಉಬ್ಬುತ್ತದೆ. "ಗೋಡಿ ಹೊಟ್ಟಿ ಬಿಟ್ಟದ" ಎನ್ನುತ್ತಾರೆ, ಒಂದು ಮರದ ಆಸರೆ ಕೊಟ್ಟು ಸುಮ್ಮನಾಗುತ್ತಾರೆ.

ಈಗ ತಲೆ ಎತ್ತಿ. ತೊಲೆ, ಜಂತಿ, ಹಲಗೆ, ಅದರ ಮೇಲೆ ಮಣ್ಣು. ಮಳೆಗೆ ಸೋರಿತೆಂದು ಅಜ್ಜ ಮಣ್ಣಿನ ಒಂದು ಥರ ಹಾಕಿಸಿದ, ಅಪ್ಪ ಒಂದು ಥರ ಹಾಕಿಸಿದ, ನೀವೂ ಒಂದು ಥರ ಹಾಕಿಸಿದಿರಿ. ಯಾರೂ ಹಳೆಯದನ್ನು ತೆಗೆಯಲಿಲ್ಲ. ಮಾಳಿಗೆಯ ಮಣ್ಣು ಮೊಣಕಾಲೆತ್ತರ ಬಂತು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಒಂದೇ ಕೋಣೆಯ ಮೇಲೆ, ಗೇಣು ಮೀರಿ ಒಂದಡಿ ಮಣ್ಣಿದ್ದರೂ, ನಾಲ್ಕು ಟನ್ನಿಗಿಂತ ಹೆಚ್ಚಿನ ಭಾರ. ಅದರ ಕೆಳಗೆ ತೊಟ್ಟಿಲು.

ಭೂಕಂಪ ಈ ಮನೆಗೆ ಏನು ಮಾಡುತ್ತದೆ? ನೆಲ ಅಡ್ಡಕ್ಕೆ ಜಗ್ಗುತ್ತದೆ. ಭಾರ ಹೆಚ್ಚಿದ್ದಷ್ಟೂ ಮಾಳಿಗೆ ಇದ್ದಲ್ಲೇ ಇರಲು ಹಟ ಮಾಡುತ್ತದೆ. ನಡುವೆ ಸಿಕ್ಕಿದ ಗೋಡೆಯ ಎರಡು ಮುಖಗಳು ಬೇರೆಯಾಗಿ, ಒಂದು ಬೀದಿಗೆ, ಒಂದು ಮನೆಯೊಳಗೆ ಬೀಳುತ್ತವೆ. ಆಮೇಲೆ ಮಾಳಿಗೆ ಬರುತ್ತದೆ. ಆ ರಾತ್ರಿ ಬಹಳ ಜನ ಸತ್ತದ್ದು ಪೆಟ್ಟು ಬಿದ್ದೇ ಅಲ್ಲ, ಮಣ್ಣಿನಲ್ಲಿ ಉಸಿರು ಸಿಗದೆ. ಆಮೇಲೆ ಮಳೆಯೂ ಬಂತು. ಒಂದು ವಿಚಿತ್ರ ಮಾತ್ರ ನೋಡಿದ ಹಲವರು ಬರೆದಿದ್ದಾರೆ: ಕೆಲವು ಮನೆಗಳಲ್ಲಿ ಸುತ್ತಲಿನ ಗೋಡೆ ಪೂರ್ತಿ ಬಿದ್ದಿದ್ದರೂ ಒಳಗಿನ ಕಟ್ಟಿಗೆಯ ಕಂಬಗಳು ಮಾಳಿಗೆ ಹೊತ್ತು ನಿಂತಿದ್ದವು. ಕಂಬ, ತೊಲೆ ಸರಿಯಾಗಿ ಬೆಸೆದಿದ್ದ ಖಣದ ಮನೆಗಳು ಅವು. ಕಟ್ಟಿಗೆ ಬಾಗಿತು, ಮುರಿಯಲಿಲ್ಲ.

ಕೈಯಲ್ಲಿ ಹಿಡಿಯಲು ಕೊಟ್ಟಿದ್ದ 6.2 ಈಗ ತೆಗೆಯಿರಿ. ಕಿಲ್ಲಾರಿಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, 1994ರ ಜನವರಿ 17ರಂದು, ಅದೂ ನಸುಕಿನಲ್ಲೇ, ಅಮೆರಿಕದ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಜ್‌ನಲ್ಲಿ 6.7ರ ಭೂಕಂಪವಾಯಿತು. 6.2ಕ್ಕಿಂತ 6.7 ಹೊರಹಾಕುವ ಶಕ್ತಿ ಐದು ಪಟ್ಟಿಗಿಂತ ಹೆಚ್ಚು. ಲಕ್ಷಗಟ್ಟಲೆ ಜನರ ಮಹಾನಗರ. ಸತ್ತವರು ಅರವತ್ತರ ಆಸುಪಾಸು. ಅವರ ಮನೆಗಳು ಬಹುಪಾಲು ಮರದ ಚೌಕಟ್ಟಿನವು, ಹಗುರ ಛಾವಣಿಯವು. ಭೂಮಿ ಎರಡೂ ಕಡೆ ತನ್ನ ಕೆಲಸ ತಾನು ಮಾಡಿತು. ವ್ಯತ್ಯಾಸ ಗೋಡೆಯದ್ದು.

ಕಿಲ್ಲಾರಿಯ ನಂತರ ಜನ ಕಲ್ಲಿಗೇ ಹೆದರಿದರು. ಕಲ್ಲು ಎಂದರೆ ಸಾವು, ಸಿಮೆಂಟು ಎಂದರೆ ಬದುಕು ಎಂದಾಯಿತು. ಇದು ಅರ್ಧ ಸತ್ಯ, ಅರ್ಧ ಸತ್ಯದಲ್ಲಿ ಮನೆ ಕಟ್ಟಬಾರದು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಅಷ್ಟು ದೂರದ ಅಹಮದಾಬಾದಿನಲ್ಲಿ ಮಲಗಿದ್ದು ಮಣ್ಣಿನ ಮನೆಗಳಲ್ಲ, ಕೆಳಗೆ ಕಾರು ನಿಲ್ಲಿಸಲು ಬರೀ ಕಂಬ ಬಿಟ್ಟು ಮೇಲೆ ಮಹಡಿ ಏರಿಸಿದ ಕಾಂಕ್ರೀಟ್ ಕಟ್ಟಡಗಳು. ಭಾಲ್ಕಿಯಲ್ಲಿ, ಬೀದರಿನಲ್ಲಿ ಈಗ ಏಳುತ್ತಿರುವ ಕಟ್ಟಡಗಳಲ್ಲಿ ಅಂಥವೆಷ್ಟಿವೆ ಎಂದು ಪೇಟೆಗೆ ಹೋದಾಗ ಎಣಿಸಿ ನೋಡಿ.

ತಪ್ಪು ಕಲ್ಲಿನದಲ್ಲ. ಈ ಮಾತಿಗೆ ಸಾಕ್ಷಿ ಬೇಕೆಂದರೆ ಒಬ್ಬ ಹಳೆಯ ಗವಂಡಿ ಗೋಡೆ ಏರಿಸುವುದನ್ನು ಅರ್ಧ ದಿನ ನೋಡುತ್ತ ಕೂರಿ. ಅವನು ಕಲ್ಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾನೆ, ಸುತ್ತಿಗೆಯಿಂದ ಒಂದು ಅಂಚು ಹಾರಿಸುತ್ತಾನೆ, ಮುಖ ಕಾಣುವಂತೆ ಇಡುತ್ತಾನೆ. ನಡುನಡುವೆ ಒಂದು ಉದ್ದನೆಯ ಕಲ್ಲು ಹುಡುಕಿ ತೆಗೆದು ಗೋಡೆಗೆ ಅಡ್ಡ ಮಲಗಿಸುತ್ತಾನೆ. ಒಂದು ತುದಿ ಹೊರ ಮುಖದಲ್ಲಿ, ಇನ್ನೊಂದು ತುದಿ ಒಳ ಮುಖದಲ್ಲಿ. ಯಾಕೆ ಎಂದರೆ, "ಕಲ್ಲಿಗಿ ಕಲ್ಲು ಕಚ್ಚಬೇಕ್ರಿ" ಎನ್ನುತ್ತಾನೆ. ಅಷ್ಟೇ ಅವನ ವಿಜ್ಞಾನ. ಭಾರತೀಯ ಮಾನಕ ಬ್ಯೂರೋದ 13828ನೆಯ ಸಂಖ್ಯೆಯ ಸಂಹಿತೆ, ಅದೂ 1993ರದ್ದೇ ಎಂಬುದು ವಿಧಿಯ ಕುಚೋದ್ಯ, ಹೇಳುವುದೂ ಅದನ್ನೇ: ಎರಡು ಅಡಿ ಎತ್ತರಕ್ಕೊಂದು ಸಾಲು, ಸಾಲಿನಲ್ಲಿ ನಾಲ್ಕು ಅಡಿಗೊಂದು ಅಡ್ಡಗಲ್ಲು. ಅಷ್ಟುದ್ದದ ಕಲ್ಲು ಸಿಗದಿದ್ದರೆ ಕಾಂಕ್ರೀಟಿನ ತುಂಡು ಹಾಕಿದರೂ ನಡೆದೀತು. ಕಾಸು ಉಳಿಸಲು, ಹೊತ್ತು ಉಳಿಸಲು ಮೊದಲು ಬಿಟ್ಟುಹೋಗುವುದು ಈ ಕಲ್ಲೇ, ಏಕೆಂದರೆ ಗಿಲಾವು ಬಡಿದ ಮೇಲೆ ಅದು ಇದೆಯೋ ಇಲ್ಲವೋ ಮನೆಯ ಒಡೆಯನಿಗೂ ಕಾಣುವುದಿಲ್ಲ.

ಕಟ್ಟಿ ಮುಗಿದ ಮನೆಗೂ ದಾರಿಯಿದೆ. ಕಿಲ್ಲಾರಿಯ ಸುತ್ತಲಿನ ಹಳ್ಳಿಗಳಲ್ಲಿ, ಬೀಳದೆ ಉಳಿದ ಮನೆಗಳಿಗೆ ಇದನ್ನು ಮಾಡಿದರು. ಗೋಡೆಯಿಂದ ಒಂದು ಕಲ್ಲನ್ನು ಮೆಲ್ಲಗೆ, ಬಡಿಯದೆ, ಅಲುಗಿಸಿ ತೆಗೆಯುವುದು. ಆಚೆ ಬದಿಯಿಂದಲೂ ಒಂದು ಕಲ್ಲು ತೆಗೆಯುವುದು. ಆ ತೂತಿನಲ್ಲಿ ಎರಡೂ ತುದಿ ಬಗ್ಗಿಸಿದ ಕಬ್ಬಿಣದ ಸರಳಿಟ್ಟು ಕಾಂಕ್ರೀಟ್ ತುಂಬುವುದು. ಗೋಡೆಯ ಎರಡು ಮುಖಗಳಿಗೆ ಗುಂಡಿ ಹಾಕಿದ ಹಾಗೆ. ಬಾಗಿಲು ಕಿಟಕಿಗಳ ತಲೆಯ ಮಟ್ಟದಲ್ಲಿ ಮನೆಯ ಸುತ್ತ ಒಂದು ಪಟ್ಟಿ ಬಿಗಿಯುವುದು ಇನ್ನೊಂದು ಕೆಲಸ. ಧೋತರಕ್ಕೆ ಉಡಿದಾರ ಇದ್ದ ಹಾಗೆ, ನಾಲ್ಕು ಗೋಡೆ ನಾಲ್ಕು ದಿಕ್ಕಿಗೆ ಹೋಗದಂತೆ ಅದು ಹಿಡಿಯುತ್ತದೆ. ಎಲ್ಲಕ್ಕಿಂತ ಅಗ್ಗದ್ದು ಮಾಳಿಗೆಯ ಮಣ್ಣು ಇಳಿಸುವುದು. ಸಲಿಕೆ ಬುಟ್ಟಿ ಇದ್ದರೆ ಸಾಕು. ಅಜ್ಜ ಹಾಕಿಸಿದ ಥರವನ್ನು ತೆಗೆದರೆ ಅಜ್ಜನಿಗೆ ಬೇಜಾರಾಗುವುದಿಲ್ಲ.

ಇದೆಲ್ಲ ಹಳೆಯ ಕತೆ ಎನ್ನುವವರು ಚಿಂಚೋಳಿ ತಾಲೂಕಿನ ಗಡಿಕೇಶ್ವರಕ್ಕೆ ಹೋಗಿ ಬರಲಿ. 2021ರ ಅಕ್ಟೋಬರ್‌ನಲ್ಲಿ ಅಲ್ಲಿ ನೆಲ ದಿನವೂ ಗುಡುಗಿತು. 11ರ ರಾತ್ರಿಯದು 4ರ ಪ್ರಮಾಣ ದಾಟಿತು. ಜನ ಮನೆ ಬಿಟ್ಟು ಬಯಲಿಗೆ ಬಂದರು, ಕೆಲವರು ಗಂಟು ಮೂಟೆ ಕಟ್ಟಿ ನೆಂಟರ ಊರಿಗೆ ನಡೆದರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ (ಎನ್‌ಜಿಆರ್‌ಐ) ವಿಜ್ಞಾನಿಗಳು ಬಂದು ಯಂತ್ರವಿಟ್ಟರು. ಮಳೆ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಒತ್ತುವುದರಿಂದ ಇಂಥ ಸಣ್ಣ ನಡುಕಗಳು ಏಳುತ್ತವೆ, ದೊಡ್ಡದರ ಲಕ್ಷಣವಲ್ಲ ಎಂದು ಸಮಾಧಾನ ಹೇಳಿದರು. ನೀರು ನೆಲವನ್ನು ನಡುಗಿಸಬಲ್ಲದು ಎಂದು ಮಹಾರಾಷ್ಟ್ರದ ಕೊಯ್ನಾ ಮೊದಲೇ ಕಲಿಸಿತ್ತು. ಅಲ್ಲಿ ಜಲಾಶಯ ತುಂಬತೊಡಗಿದ ಮೇಲೆ ನಡುಕ ಶುರುವಾಗಿ 1967ರ ಡಿಸೆಂಬರ್ 11ರಂದು 6.3ಕ್ಕೆ ಮುಟ್ಟಿತು. ಹಾಗೆಂದು ನಮ್ಮ ಬೀದರಿನ ಕಾರಂಜಾ ಜಲಾಶಯ ನೋಡಿ ಬೆವರಬೇಕಿಲ್ಲ. ಸಾವಿರಾರು ಕೆರೆ ಕಟ್ಟೆಗಳ ಕೆಳಗೆ ಏನೂ ಆಗಿಲ್ಲ. ಕೆಳಗೆ ಒಡೆಯಲು ಸಿದ್ಧವಾದ ಗೆರೆ ಇದ್ದರೆ ಮಾತ್ರ ನೀರು ಅದಕ್ಕೆ ಕೊನೆಯ ತಳ್ಳು ಕೊಡುತ್ತದೆ.

ಮತ್ತೆ ಹಲಬರ್ಗಾದ ಕಟ್ಟೆಗೆ ಬನ್ನಿ. ನಸುಕು, ಸದ್ದು ಈಗಷ್ಟೇ ಶುರುವಾಗಿದೆ. ಎರಡನೆಯ ಅಲೆ ಬರಲು ಎಂಟು ಒಂಬತ್ತು ಸೆಕೆಂಡು ಇದೆ. ಈ ಸಲ ಮನೆಯೊಳಗೆ ಮಲಗಿದ್ದೀರಿ. ಮಣ್ಣಿನ ಮಾಳಿಗೆಯ ಕಲ್ಲಿನ ಮನೆಯಾದರೆ, ಬಾಗಿಲು ನಾಲ್ಕು ಹೆಜ್ಜೆಯಲ್ಲಿದ್ದರೆ, ಮಕ್ಕಳನ್ನು ಎತ್ತಿಕೊಂಡು ಹೊರಗೆ ನಡೆಯಿರಿ. ಗೋಡೆಯ ಪಕ್ಕ ನಿಲ್ಲಬೇಡಿ, ಬಯಲಿಗೆ ಹೋಗಿ. ಕಾಂಕ್ರೀಟ್ ಮನೆಯ ಮಹಡಿಯಲ್ಲಿದ್ದರೆ ಮೆಟ್ಟಿಲ ಕಡೆ ಓಡಬೇಡಿ, ಗಟ್ಟಿ ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳಿ. ನಿಂತ ಮೇಲೆ ಗ್ಯಾಸ್ ಬಂದ್ ಮಾಡಿ ಹೊರಗೆ ಬನ್ನಿ, ಬಿರುಕು ಬಿಟ್ಟ ಮನೆಯೊಳಗೆ ಕೊಡ ತರಲೆಂದು ವಾಪಸು ಹೋಗಬೇಡಿ. ಆಮೇಲೆ ಬರುವ ನಡುಕಗಳು ಅರೆಬಿದ್ದ ಗೋಡೆಯನ್ನು ಪೂರ್ತಿ ಕೆಡವುತ್ತವೆ.

ಇವೆಲ್ಲ ಆ ಒಂದು ನಿಮಿಷದ ಮಾತು. ಆ ನಿಮಿಷದಲ್ಲಿ ಮಾಡಬಹುದಾದದ್ದು ಬಹಳ ಕಡಿಮೆ, ಕಿಲ್ಲಾರಿಯವರಿಗೆ ಎಣಿಸಲೂ ಹನ್ನೆರಡು ಸೆಕೆಂಡು ಇರಲಿಲ್ಲ. ಮಾಡಬೇಕಾದದ್ದು ಗವಂಡಿ ಕಲ್ಲು ಇಡುವ ದಿನ. ಈ ಬೇಸಿಗೆಯಲ್ಲಿ ಮನೆ ಕಟ್ಟಿಸುವವರಿದ್ದರೆ, ಅಥವಾ ಬೀಗರು ಕಟ್ಟಿಸುತ್ತಿದ್ದರೆ, ಗಿಲಾವು ಬಡಿಯುವ ಮೊದಲು ಒಂದು ದಿನ ಹೋಗಿ ನಿಂತು ಗೋಡೆಯಲ್ಲಿ ಅಡ್ಡಗಲ್ಲು ಎಣಿಸಿ. ನಾಲ್ಕು ಅಡಿಗೊಂದು ಇರಬೇಕು. ಇಲ್ಲದಿದ್ದರೆ ಅಂದಿನ ಕೂಲಿ ಕೊಟ್ಟು, ಚಹಾ ಕುಡಿಸಿ, ಬಿಚ್ಚಿ ಮತ್ತೆ ಕಟ್ಟಲು ಹೇಳಿ.